ಗೆದ್ದಲು ತಿಂದ ಎರಡು ಆವರ್ತ

ದೊಡ್ಡ ಸಂಗೀತ ಅಲ್ಲ ಕಣಪ್ಪ ಇದು, ಅನ್ನುತ್ತಿದ್ದರು ಸೆಲೀನಮ್ಮ,
ಊಟ ಆದಮೇಲಿನ ಎಲೆಯಡಿಕೆ.
ಹೊಟ್ಟೆ ತುಂಬಿಸಲ್ಲ.
ಏಳೋಣ ಅಂದವರನ್ನ ಇನ್ನೊಂದು ಗಳಿಗೆ ಕೂರಿಸುತ್ತೆ, ಅಷ್ಟೆ.

ಲಷ್ಕರ್ ಮೊಹಲ್ಲಾದ ಆ ಹಜಾರದಲ್ಲಿ
ಮೂರು ಕಾಲು, ಒಂದು ಇಟ್ಟಿಗೆಯ ಮೇಲೆ ನಿಂತಿತ್ತು ಪಿಯಾನೊ.
ಅರಮನೆ ಬ್ಯಾಂಡಿನಲ್ಲಿ ಯೂಫೋನಿಯಂ ಊದುತ್ತಿದ್ದ ಅವರಪ್ಪ ಚೌರಪ್ಪ
ಊರು ಬಿಟ್ಟ ಯಾವಳೋ ದೊರೆಸಾನಿಯ ಹರಾಜಿನಲ್ಲಿ ಕೂಗಿ ತಂದದ್ದು;
ಜೊತೆಗೆ ಒಂದು ಟ್ರಂಕು ಕಾಗದ, ಪುಕ್ಕಟೆ.

ಆ ಟ್ರಂಕಿನಲ್ಲಿದ್ದ ಥಿಯೋಡೋರ್ ಕ್ರಾನ್‌ಬೆಕ್.
ಸ್ಟೆಟಿನ್ ಎಂಬ ಊರಿನವನು. ಅದು ಬಿಟ್ಟರೆ
ಹುಟ್ಟಿದ್ದೆಂದು, ಸತ್ತದ್ದೆಂದು, ಯಾರೂ ಬರೆದಿಡಲಿಲ್ಲ.
ಮುನ್ನೂರು ಚಿಲ್ಲರೆ ಕೃತಿ ಹೊಸೆದವನು:
‘ಅತ್ತಿಗೆಯ ಕೈಗವಸು’, ‘ಜೇನುಹುಳದ ಭಾನುವಾರ’,
‘ದೋಣಿಯಲ್ಲಿ ಮರೆತ ಕೊಡೆ’.
ಎಲ್ಲ ನಾಲ್ಕೇ ಪುಟ, ಎಲ್ಲ
ಜವಳಿ ವರ್ತಕರ ಹೆಣ್ಣುಮಕ್ಕಳ ಬೆರಳಳತೆಗೆ.
ಕೇಳಿದವರಿಗೆ ಕಷ್ಟ ಅನ್ನಿಸಬೇಕು,
ನುಡಿಸುವವಳಿಗೆ ಕಷ್ಟವಾಗಬಾರದು.

ನಾನು ಗಂಧದೆಣ್ಣೆ ಕಾರ್ಖಾನೆಯಲ್ಲಿ ತೂಕದ ಗುಮಾಸ್ತ,
ನಲವತ್ತೆರಡಕ್ಕೆ ಕಲಿಯಲು ಕೂತವನು.
ಎರಡು ಸಲ ಕೈ ತೊಳೆದು ಬಾ ಮಾರಾಯ,
ಇದೇನು ಪಿಯಾನೊನೋ ದೇವರಮನೆಯೋ, ಎಂದು ಗದರುವರು.
ಆಷಾಢದಲ್ಲಿ ಎರಡು ಬಿಳಿ ಮನೆ ಒತ್ತಿದರೆ ಮಲಗಿಯೇಬಿಡುತ್ತಿದ್ದವು;
ಇಸ್ಕೂಲಿಗೆ ಹೊರಡದ ಮಕ್ಕಳಂತೆ
ಕೈ ಹಿಡಿದು ಎಬ್ಬಿಸಬೇಕು.

ಬೆಂಗಳೂರಿನ ಶ್ರುತಿಗಾರ ಬರುವುದು ನಿಲ್ಲಿಸಿದ ಮೇಲೆ
ಮಂಡಿ ಮೊಹಲ್ಲಾದ ಖಲಂದರ್ ಸಾಬರು ಬಂದರು.
ನಾನು ಗಾಳಿಪೆಟ್ಟಿಗೆಯವನು, ಇದು ಸುತ್ತಿಗೆಪೆಟ್ಟಿಗೆ, ಅಂದರು.
ಅಂದವರೇ ಒಳಗೆ ತಲೆ ತೂರಿ
ನುಸಿ ತಿಂದ ಸುತ್ತಿಗೆಗಳಿಗೆಲ್ಲ
ಬನ್ನೂರು ಕುರಿಯ ಉಣ್ಣೆ ತಟ್ಟಿ ಅಂಟಿಸಿದರು.
ಅಂದಿನಿಂದ ಜರ್ಮನಿಯ ಆ ದೋಣಿಗೆ
ಒಂಚೂರು ಗೊಗ್ಗರು ದನಿ.

ಕೊಡೆಯ ಕೃತಿಯ ಮೂರನೇ ಪುಟದಲ್ಲಿ ಗೆದ್ದಲಿನ ತೂತು.
ಎಡಗೈಯ ಸಾಲು ಉಳಿದಿದೆ,
ಬಲಗೈಯದು ಎರಡು ಆವರ್ತ ಇಲ್ಲ.
ಅಲ್ಲಿಗೆ ಬಂದಾಗ ಸೆಲೀನಮ್ಮನ ಬಲಗೈ ಮೇಲೇಳುತ್ತಿತ್ತು,
ಗಾಳಿಯಲ್ಲಿ ನಿಲ್ಲುತ್ತಿತ್ತು.
ಒಂದು, ಎರಡು, ಮೂರು. ಒಂದು, ಎರಡು, ಮೂರು.
ಆಮೇಲೆ ಏನೂ ಆಗದವರ ಹಾಗೆ ಇಳಿಯುವುದು.

ನೀವೇ ಏನಾದರೂ ತುಂಬಬಾರದಾ ಟೀಚರ್?
ಅವನದು ಅವನಿಗಿರಲಿ, ಅಂದರು.
ರುಚಿ ತಿಂದ ಹುಳಕ್ಕೆ ಗೊತ್ತು.

ರಾತ್ರಿ ಸೈಕಲ್ ತುಳಿಯುತ್ತ ನಾನು ತುಂಬುತ್ತಿದ್ದೆ.
ದಡ ಬಿಟ್ಟವಳು ಆಗ ತಿರುಗಿ ನೋಡಿರಬೇಕು.
ದೋಣಿಯವ ಕರೆದಿರಬೇಕು, ಅಥವಾ ಕರೆಯದೆ ಇದ್ದಿರಬೇಕು.
ಮುನ್ನೂರು ಕೃತಿಯಲ್ಲಿ ಒಂದೇ ಸಲ
ಆ ಮನುಷ್ಯ ಹಲ್ಲು ಗಿಂಜದೆ ಮಾತಾಡಿದ್ದು ಅಲ್ಲೇ ಇರಬೇಕು,
ಇಲ್ಲದಿದ್ದರೆ ಅಷ್ಟು ಕಾಗದದಲ್ಲಿ
ಗೆದ್ದಲು ಅದನ್ನೇ ಯಾಕೆ ಆರಿಸಿತು?

ಸೆಲೀನಮ್ಮ ಹೋದ ವರ್ಷ ಪಿಯಾನೊ ನನ್ನಲ್ಲಿಗೆ ಬಂತು,
ಇಟ್ಟಿಗೆ ಸಮೇತ.
ಸಾಬರ ಮೊಮ್ಮಗಳು ಮುಬೀನಾ ಮಾನಸಗಂಗೋತ್ರಿಯಲ್ಲಿ ಜರ್ಮನ್ ಓದುತ್ತಾಳೆ;
ಯಾವುದೋ ಊರಿನ ಗ್ರಂಥಾಲಯಕ್ಕೆ ಬರೆದು
ಪುಟ ತರಿಸಿದಳು. ಮೊಬೈಲಿನಲ್ಲಿ,
ತೂತಿಲ್ಲದ ಮೂರನೇ ಪುಟ.

ಕನ್ನಡಕ ಹಣೆಗೇರಿಸಿ ನೋಡಿದೆ. ಇಳಿಸಿ ನೋಡಿದೆ.
ಹಿಂದಿನ ಎರಡು ಆವರ್ತವೇ ಅದು, ಇನ್ನೊಂದು ಸಲ.
ಒಂದು ಸ್ವರ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಪುಟ ತುಂಬಿಸಲು ಬರೆದನೋ,
ಕೊಡೆ ಇಲ್ಲವೆಂದು ತಿಳಿದೂ ಮತ್ತೊಮ್ಮೆ ಹಲಗೆಯಡಿ ತಡಕಿದನೋ.

ಇಷ್ಟೇನಾ ಅಂಕಲ್, ಅಂದಳು ಮುಬೀನಾ.

ಕಾರ್ಖಾನೆಯಲ್ಲಿ ಮೊದಲು ಖಾಲಿ ಸೀಸೆಯನ್ನೇ ತೂಗುತ್ತಿದ್ದೆವು.
ಆ ಅಂಕಿ ಬರೆಯದೆ
ಎಣ್ಣೆಯ ಲೆಕ್ಕ ಯಾರೂ ಒಪ್ಪುತ್ತಿರಲಿಲ್ಲ.
ಅವಳಿಗೆ ಇದನ್ನು ಹೇಳಲು ಹೋಗಲಿಲ್ಲ, ನುಡಿಸತೊಡಗಿದೆ.
ಇಗರ್ಜಿಯ ಗಂಟೆ ಆರು ಹೊಡೆದು ಮುಗಿದಿತ್ತು.
ಮೂರನೇ ಪುಟ. ಕೈ ತಾನಾಗಿ ಎದ್ದಿತು.

ಅಂಕಲ್, ಇಲ್ಲಿ ಇದೆಯಲ್ಲ, ನೋಡಿಕೊಂಡು ನುಡಿಸಿ,
ಮುಬೀನಾ ಮೊಬೈಲು ಮುಖದ ಹತ್ತಿರ ತರುತ್ತಾಳೆ.
ಹ್ಞೂಂ ಮರಿ, ಇರು, ಇರು.
ಎಡಗೈ ನಡೆಯುತ್ತಿದೆ. ಎರಡು, ಮೂರು.
ಒಂದು,